ಕೆರೆಯನ್ನು ತಿರುವಿದ ಸೊಸೆ

ಬಹಳ ಬಹಳ ಹಿಂದೆ, ಕಬ್ಬು ಆಳೆತ್ತರ ಅಲ್ಲ, ಆನೆಯೆತ್ತರ ಬೆಳೆಯುತ್ತಿದ್ದ ಕಾಲದಲ್ಲಿ, ರಸಗಿರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಒಬ್ಬ ದೊರೆ, ಉದಯಸೇನ. ಒಂದು ಕೆರೆ, ಹಿರಿಕೆರೆ. ದೊರೆ ಇಲ್ಲದಿದ್ದರೆ ರಾಜ್ಯ ಹೇಗೋ ನಡೆದೀತು, ಕೆರೆ ಇಲ್ಲದಿದ್ದರೆ ಒಂದು ದಿನವೂ ನಡೆಯದು. ಕಬ್ಬಿನ ಗದ್ದೆಗಳೆಲ್ಲ ಆ ನೀರನ್ನೇ ಕುಡಿದು ಬೆಳೆಯುತ್ತಿದ್ದವು.

ಆ ಊರಲ್ಲಿ ಎರಡು ಮನೆತನ. ಒಂದು ಕಲ್ಲುಸಕ್ಕರೆಯವರದು, ಇನ್ನೊಂದು ಬೆಲ್ಲ ಮಾಡುವ ಆಲೆಮನೆಯವರದು. ಕಲ್ಲುಸಕ್ಕರೆಯವರು ಪಾಕವನ್ನು ಒಲೆಯಿಂದ ಇಳಿಸಿದರೆ ಮುಗಿಯಿತು, ಮತ್ತೆ ಅದನ್ನು ಮುಟ್ಟುವವರಲ್ಲ. ಪಾತ್ರೆಯೊಳಕ್ಕೆ ನೂಲು ಇಳಿಬಿಟ್ಟು, ಸುತ್ತ ಭತ್ತದ ಹೊಟ್ಟು ತುಂಬಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಸೊಪ್ಪು ಕಂಡರೆ ಊರಿಗೆಲ್ಲ ಗೊತ್ತು, ಒಳಗೆ ಪಾಕ ಮಲಗಿದೆ ಅಂತ. ಏಳು ದಿನ ಆ ಮನೆಯಲ್ಲಿ ಒನಕೆ ಏಳುವುದಿಲ್ಲ. ಕಾಲ್ಗೆಜ್ಜೆಗೆ ಬಟ್ಟೆ ಸುತ್ತುತ್ತಾರೆ. ಗಂಡ ಹೆಂಡತಿ ಜಗಳವನ್ನು ಕೂಡ ಎಂಟನೆಯ ದಿನಕ್ಕೆ ಎತ್ತಿಡುತ್ತಾರೆ! ಎಂಟನೆಯ ದಿನ ನೂಲು ಎತ್ತಿದರೆ ಹೆಬ್ಬೆರಳು ಗಾತ್ರದ ಹರಳುಗಳು ಫಳಫಳ ಅನ್ನುತ್ತಿರುತ್ತವೆ.

ಆಲೆಮನೆಯವರದು ಇದಕ್ಕೆ ತದ್ವಿರುದ್ಧ. ಕೊಪ್ಪರಿಗೆ ಇಳಿಸಿದ ಮೇಲೆ ಅವರ ಕೈ ನಿಂತರೆ ಕೇಳಿ. ಮರದ ಸೌಟು ಹಿಡಿದು ತಿರುವಿದ್ದೇ ತಿರುವಿದ್ದು, ಹಾಡಿದ್ದೇ ಹಾಡಿದ್ದು, ಪಾಕ ಅಚ್ಚಿಗೆ ಬೀಳುವ ತನಕ.

ಇಂಥ ಎರಡು ಮನೆಗೆ ನೆಂಟಸ್ತನ ಕುದುರಿಸಿದ ಪುಣ್ಯಾತ್ಮ ಯಾರೋ ನಾ ಕಾಣೆ. ಕಲ್ಲುಸಕ್ಕರೆ ಮನೆಯ ಮಗಳು ಮುದ್ದಾಜಿ, ಆಲೆಮನೆಯ ಜಕ್ಕಣ್ಣನ ಕೈಹಿಡಿದು ಒಂದು ವರ್ಷವಾಗಿತ್ತು. ಗಂಡ ಹೆಂಡತಿ ಹಾಲು ಜೇನು. ಅತ್ತೆ ತಿಪ್ಪವ್ವನ ವಿಷಯ ಮಾತ್ರ ಕೇಳಬೇಡಿ. ಮುದ್ದಾಜಿ ಒಂದು ಪಾತ್ರೆ ಮಲಗಿಸಿದರೆ ತಿಪ್ಪವ್ವ ಬೇಕಂತಲೇ ಪಕ್ಕದಲ್ಲಿ ಒನಕೆ ಹಿಡಿಯುತ್ತಿದ್ದಳು. ತಿಪ್ಪವ್ವ ಸೌಟು ಕೊಟ್ಟು "ಒಂದು ಕೈ ತಿರುವು" ಅಂದರೆ ಮುದ್ದಾಜಿ, "ಇಳಿಸಿದ ಪಾಕಕ್ಕೆ ಸೌಟು ಹಾಕೋದು ನಮ್ಮ ಮನೆತನದಲ್ಲಿ ಇಲ್ಲ ಅತ್ತೆ" ಅನ್ನುತ್ತಿದ್ದಳು. ತಿಪ್ಪವ್ವ ಅವಳನ್ನು ಸೊಸೆ ಅಂತ ಒಂದು ದಿನ ಕರೆದವಳಲ್ಲ. ಯಾರಾದರೂ ಕೇಳಿದರೆ, "ಅವಳಾ? ಕಲ್ಲುಸಕ್ಕರೆ ಮನೆಯವಳು" ಅಂತ ಮೂತಿ ತಿರುವುತ್ತಿದ್ದಳು. ಅದೊಂದು ಮಾತು ಮುದ್ದಾಜಿಯ ಎದೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ದಿನ ಹೆಪ್ಪರಸ ಎಂಬ ಮಾಂತ್ರಿಕ ಊರಿಗೆ ಬಂದ. ಹತ್ತಿಯ ಹಾಗೆ ಬಿಳಿಯ ಕೋಣ ಅವನ ವಾಹನ. ಆ ಕೋಣ ಉಸಿರು ಬಿಟ್ಟರೆ ಬಾವಿಯ ನೀರು ಬಂಡೆಯಾಗುತ್ತಿತ್ತು, ಹಾರುವ ಗಿಳಿ ದೊಪ್ಪನೆ ಬೀಳುತ್ತಿತ್ತು. ಹೆಪ್ಪರಸ ಕೆರೆಯ ದಂಡೆಯ ಮೇಲೆ ಕಾಲು ಕುಟ್ಟಿದ, ಅಲ್ಲೊಂದು ಮಂಜುಗಡ್ಡೆಯ ಚಾವಡಿ ಎದ್ದು ನಿಂತಿತು. ದೊರೆಯನ್ನೂ ಊರವರನ್ನೂ ಅಲ್ಲಿಗೆ ಕರೆಸಿ ಅಬ್ಬರಿಸಿದ:

"ಹರಿಯುವುದನ್ನು ಗಟ್ಟಿ ಮಾಡುವ ವಿದ್ಯೆಯಲ್ಲಿ ಮೂರು ಲೋಕದಲ್ಲಿ ನನಗೆ ಸಮಾನರಿಲ್ಲ. ಇದ್ದರೆ ತೋರಿಸಿ. ಇಲ್ಲದಿದ್ದರೆ ಈ ಕೆರೆ ನನ್ನದು."

ದೊರೆಯೇ ತಲೆ ತಗ್ಗಿಸಿದ. ಆಗ ಹಿಂದಿನ ಸಾಲಿನಿಂದ ನಮ್ಮ ಜಕ್ಕಣ್ಣ ಎದೆ ಉಬ್ಬಿಸಿಕೊಂಡು, "ಯಾಕಿಲ್ಲ? ನನ್ನ ಹೆಂಡತಿ ಇದ್ದಾಳೆ!" ಅಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಪ್ಪರಸ ಬೆರಳು ತೋರಿಸಿದ್ದೇ ತಡ, ಜಕ್ಕಣ್ಣನ ಎರಡು ಕಾಲೂ ಮೊಣಕಾಲ ತನಕ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡವು.

"ಕರೆಸು ಅವಳನ್ನು," ಅಂದ ಹೆಪ್ಪರಸ. "ಮೂರು ದಿನ, ಮೂರು ಪಂದ್ಯ. ಎರಡು ಗೆದ್ದರೆ ನಿನ್ನ ಮೈ ನಿನ್ನದು, ಕೆರೆ ನಿಮ್ಮದು. ಎರಡು ಸೋತರೆ ಎರಡೂ ನನ್ನವು."

ಸುದ್ದಿ ಕೇಳಿ ಮುದ್ದಾಜಿ ಓಡೋಡಿ ಬಂದಳು. ಅವಳ ಹಿಂದೆಯೇ ಸೆರಗು ಸಿಕ್ಕಿಸಿಕೊಂಡು ತಿಪ್ಪವ್ವ.

"ನಿಮ್ಗೆ ಬುದ್ಧಿ ಇದೆಯೇನ್ರೀ?" ಅಂತ ಮುದ್ದಾಜಿ ಗಂಡನನ್ನು ಬೈದಳು. ಬೈಯುವಾಗಲೇ ಕಣ್ಣು ತುಂಬಿತು.

"ಸುಳ್ಳು ಹೇಳಲಿಲ್ವಲ್ಲ ಮುದ್ದು," ಅಂದ ಜಕ್ಕಣ್ಣ ಹಲ್ಲು ಕಟಕಟಿಸುತ್ತ. "ಬೇಗ ಗೆಲ್ಲು. ಕಾಲು ಜುಂ ಅಂತಿದೆ."

ಮೊದಲ ದಿನ ಹೆಪ್ಪರಸ ಅವಳ ಮುಂದೆ ಒಂದು ಒಲೆ ಇಟ್ಟ. ಅದರಲ್ಲಿ ಕೆಂಡ ಧಗಧಗ ಅನ್ನುತ್ತಿತ್ತು, ಆದರೂ ಕೆಳಗಿನ ಮಂಜುಗಡ್ಡೆಯ ನೆಲ ಒಂದು ಹನಿಯೂ ಕರಗಲಿಲ್ಲ. ಒಲೆಯ ಮೇಲೆ ಪಾಕ ತುಂಬಿದ ಪಾತ್ರೆ. ಮೇಲೆ ಕೊರೆಯುವ ಮಂಜುಗಡ್ಡೆಯ ಚಾವಣಿ.

"ಈ ಪಾಕವನ್ನು ಕಲ್ಲುಸಕ್ಕರೆ ಮಾಡು. ಹರಳಿನಲ್ಲಿ ನನ್ನ ಮುಖ ಕಾಣಬೇಕು. ಕೆಂಡ ಆರಿಸಕೂಡದು. ನನ್ನ ಚಾವಡಿಯಲ್ಲಿ ಒಂದು ಹಗಲು ನಿಮ್ಮ ಏಳು ದಿನಕ್ಕೆ ಸಮ, ಸೂರ್ಯ ಮುಳುಗುವ ತನಕ ಸಮಯ."

'ಇದು ನಮ್ಮನೆ ಕೆಲಸ' ಅಂತ ಮುದ್ದಾಜಿಗೆ ಧೈರ್ಯ ಬಂತು. ನೂಲು ಇಳಿಬಿಟ್ಟಳು, ಕಾಲ್ಗೆಜ್ಜೆಗೆ ಬಟ್ಟೆ ಸುತ್ತಿದಳು, ಕೂತಳು. ಒಂದು ಗಳಿಗೆ ಬಿಟ್ಟು ನೂಲು ಎತ್ತಿದರೆ, ಅಯ್ಯೋ, ಬರೀ ಮರಳಿನಂಥ ಹುಡಿ! ಯಾರೂ ಕದಡಿಲ್ಲ, ಯಾರೂ ಮುಟ್ಟಿಲ್ಲ, ಹಾಗಾದರೆ ಪಾಕದ ನಿದ್ದೆ ಕೆಡಿಸಿದವರು ಯಾರು?

ಅವಳು ಹುಡಿಯನ್ನೆಲ್ಲ ಮತ್ತೆ ಕರಗಿಸಿ, ಒಂದು ಚಿಟಿಕೆ ಕೇಸರಿ ಉದುರಿಸಿ, ಉಸಿರು ಬಿಗಿಹಿಡಿದು ನೋಡಿದಳು. ಕೇಸರಿಯ ಎಳೆಗಳು ಪಾತ್ರೆಯ ನಡುವಿನಿಂದ ಮೇಲೆ ಬಂದವು. ಮೇಲೆ ಬಂದವು ಅಂಚಿಗೆ ಸರಿದು ಕೆಳಗಿಳಿದವು. ಇಳಿದವು ಮತ್ತೆ ಮೇಲೆ ಬಂದವು. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಮುದ್ದಾಜಿಗೆ ಗುಟ್ಟು ತಿಳಿಯಿತು. ಕೆಳಗೆ ಕೆಂಡ ತಾಗಿ ಬಿಸಿಯಾದ ಪಾಕ ಹಗುರಾಗಿ ಏಳುತ್ತದೆ. ಮೇಲೆ ಚಳಿ ತಾಗಿದ ಪಾಕ ಭಾರವಾಗಿ ಇಳಿಯುತ್ತದೆ. ಸೌಟೇ ಇಲ್ಲದೆ ಪಾಕ ತನ್ನನ್ನು ತಾನೇ ತಿರುವಿಕೊಳ್ಳುತ್ತಿದೆ.

"ಎಲಾ ಕಳ್ಳ!" ಅಂದುಕೊಂಡಳು. ಹೆಪ್ಪರಸ ಕೆಂಡ ಆರಿಸಬೇಡ ಅಂದಿದ್ದ, ಜಾಗ ಬದಲಿಸಬೇಡ ಅಂದಿರಲಿಲ್ಲ. ಪಾತ್ರೆಯನ್ನು ಇಳಿಸಿ ಮಂಜುಗಡ್ಡೆಯ ನೆಲದ ಮೇಲೆ ಕೂರಿಸಿದಳು. ಸುತ್ತ ಹೊಟ್ಟು ತುಂಬಿದಳು. ಮುಚ್ಚಳ ಮುಚ್ಚಿ, ಕೆಂಡವನ್ನೆಲ್ಲ ಇಕ್ಕಳದಲ್ಲಿ ಎತ್ತಿ ಮುಚ್ಚಳದ ಮೇಲೆ ಹರಡಿದಳು. ಈಗ ಹಗುರದ ಬಿಸಿಪಾಕ ಮೇಲೇ ಇತ್ತು, ಭಾರದ ತಣ್ಣನೆಯದು ಕೆಳಗೇ ಇತ್ತು. ಏಳುವವರೂ ಇಲ್ಲ, ಇಳಿಯುವವರೂ ಇಲ್ಲ. ಪಾಕ ಮಲಗಿತು.

ಸಂಜೆಗೆ ಮುಚ್ಚಳ ತೆಗೆದರೆ ತಳದಿಂದ ನೂಲಿನವರೆಗೆ ತೆಂಗಿನಕಾಯಿ ಗಾತ್ರದ ಹರಳು ಬೆಳೆದಿತ್ತು. ಹೆಪ್ಪರಸ ಬಗ್ಗಿ ನೋಡಿದ. ಅವನ ಮುಖ, ಮುಖದ ಮೇಲಿನ ನರಹುಲಿ ಸಮೇತ, ಅದರಲ್ಲಿ ಕಂಡಿತು. ಊರಿಗೆ ಊರೇ ಕೇಕೆ ಹಾಕಿತು.

"ನೋಡಿದ್ಯೇನಯ್ಯ!" ಅಂದ ಜಕ್ಕಣ್ಣ. ಮುದ್ದಾಜಿ ಅತ್ತೆಯ ಕಡೆ ತಿರುಗಿದಳು. ತಿಪ್ಪವ್ವ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

ಎರಡನೆಯ ದಿನ ಹೆಪ್ಪರಸ ಅದೇ ಪಾಕ, ಅದೇ ಪಾತ್ರೆ ಇಟ್ಟ. ಪಕ್ಕದಲ್ಲಿ ಒಂದು ಸೌಟೂ ಇಟ್ಟ.

"ಇವತ್ತು ಬೆಣ್ಣೆಯಂಥ ಸಕ್ಕರೆ ಅಚ್ಚು ಬೇಕು. ಬಾಯಲ್ಲಿಟ್ಟರೆ ಕರಗಬೇಕು. ನಾಲಿಗೆಗೆ ಒಂದೇ ಒಂದು ಹರಳು ತಗುಲಿದರೂ ನೀನು ಸೋತ ಹಾಗೆ."

ಮುದ್ದಾಜಿ ಸೌಟನ್ನು ಕಾಲಲ್ಲಿ ಅತ್ತ ಸರಿಸಿದಳು. ನಿನ್ನೆಯ ಗೆಲುವು ತಲೆಗೇರಿತ್ತು ನೋಡಿ. ಹೊಟ್ಟು ತುಂಬಿದಳು, ಮುಚ್ಚಳ ಮುಚ್ಚಿದಳು, ಕೂತಳು.

ಬಾಗಿಲಲ್ಲಿ ನಿಂತಿದ್ದ ತಿಪ್ಪವ್ವನಿಗೆ ತಡೆಯಲಾಗಲಿಲ್ಲ. "ತಿರುವೇ ಹುಡುಗಿ! ಸುಮ್ನೆ ಬಿಟ್ರೆ ಹರಳು ದಪ್ಪ ಆಗುತ್ತೆ ಕಣೇ! ತಿರುವು!"

"ಇಳಿಸಿದ ಪಾಕಕ್ಕೆ ಸೌಟು ಹಾಕೋದು ನಮ್ಮ ಮನೆತನದಲ್ಲಿ ಇಲ್ಲ ಅತ್ತೆ."

"ಅಯ್ಯೋ ನಿನ್ನ ಮನೆತನಕ್ಕೆ! ಅಲ್ಲಿ ನನ್ನ ಮಗ ನಿಂತವ್ನೆ!"

ಮುದ್ದಾಜಿ ಕೇಳಲಿಲ್ಲ. ಸಂಜೆ ಹೆಪ್ಪರಸ ಒಂದು ಚೂರು ಬಾಯಿಗಿಟ್ಟು ಕಟುಂ ಅನ್ನಿಸಿದ. ಆ ಸದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ಮರುಕ್ಷಣ ಮಂಜುಗಡ್ಡೆ ಜಕ್ಕಣ್ಣನ ತೊಡೆ ಏರಿ, ಸೊಂಟ ಏರಿ, ಎದೆಗೆ ಬಂದು ನಿಂತಿತು. ಅವನು ಏನೋ ತಮಾಷೆ ಮಾಡಲು ಬಾಯಿ ತೆರೆದ, ಮಾತು ಬರಲಿಲ್ಲ.

ಮುದ್ದಾಜಿ ನೆಲಕ್ಕೆ ಕುಸಿದಳು. ಅವಳಿಗೆ ಗೊತ್ತಿರಲಿಲ್ಲವೆ? ವರ್ಷವಿಡೀ ಅತ್ತೆಯ ಬೆಲ್ಲ ತಿಂದಿದ್ದಳು, ಅದರ ನುಣುಪು ನಾಲಿಗೆಗೆ ಗೊತ್ತಿತ್ತು. ಜಂಬ ಒಂದೇ ಅವಳ ಕೈ ಕಟ್ಟಿಹಾಕಿತ್ತು. 'ನನ್ನ ಕೈಯಾರೆ ನನ್ನ ಗಂಡನನ್ನು ಹೂತೆ' ಅಂತ ಅತ್ತಳು. ತಿಪ್ಪವ್ವ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. ಆ ಸೌಟನ್ನು ಎತ್ತಿ ಸೊಸೆಯ ಕೈಗೆ ಕೊಟ್ಟಳು.

"ಹಿಡಿ. ನಿಂತ ಪಾಕದಲ್ಲಿ ಒಂದು ಹರಳು ಕೂತ್ಕೊಂಡು ಎಲ್ಲಾ ತಾನೇ ತಿಂದು ದಪ್ಪ ಆಗುತ್ತೆ. ತಿರುವಿದರೆ ಸಾವಿರ ಹರಳು ಹುಟ್ತವೆ, ಯಾವುದಕ್ಕೂ ಹೊಟ್ಟೆ ತುಂಬಾ ಸಿಗಲ್ಲ, ಎಲ್ಲಾ ಸಣ್ಣಗೇ ಉಳೀತವೆ. ಅಷ್ಟೇ ವಿದ್ಯೆ. ನಮ್ಮತ್ತೆ ನನ್ನ ಕೈಗೆ ಬರೆ ಹಾಕಿ ಕಲಿಸಿದ್ಲು."

"ತಪ್ಪಾಯ್ತು ಅತ್ತೆ. ನನ್ನ ಕೊಬ್ಬು."

"ನನಗೇನು ಕಮ್ಮಿ ಇತ್ತಾ? ನಿನ್ನ ಪಾತ್ರೆ ಮಲಗಿದಾಗೆಲ್ಲ ಒನಕೆ ಹಿಡೀತಿದ್ದೋಳು ನಾನೇ ಅಲ್ವಾ?" ಅಂದಳು ತಿಪ್ಪವ್ವ. "ಏಳು. ನಾಳೆ ಇಬ್ರೂ ಹೋಗಣ."

ಮೂರನೆಯ ದಿನ ಬೆಳಗಾಗುತ್ತಲೇ ಹೆಪ್ಪರಸ ಸೂರ್ಯನಿಗೆ ಮೋಡದ ಕಂಬಳಿ ಹೊದಿಸಿದ. ಕೆರೆಯ ನಟ್ಟನಡುವೆ ಒಂದು ಮಂಜುಗಡ್ಡೆಯ ಜಗಲಿ ಕಟ್ಟಿ, ಕೋಣವನ್ನು ಅಲ್ಲಿ ನಿಲ್ಲಿಸಿ, ತಾನು ಅದರ ಮೇಲೆ ಕೂತು ಕೂಗಿ ಹೇಳಿದ:

"ಸಂಜೆಯ ತನಕ ನನ್ನ ಕೋಣ ಈ ಕೆರೆಯ ಮೇಲೆ ಉಸಿರು ಬಿಡುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಒಂದೇ ಒಂದು ಕೊಡ ಮುಳುಗುವಷ್ಟು ನೀರು ಉಳಿಸಿದರೂ ನೀನು ಗೆದ್ದೆ."

ಕೋಣ ಉಸಿರು ಬಿಟ್ಟಿತು. ದಂಡೆಯ ಹುಲ್ಲು ಬೆಳ್ಳಗಾಯಿತು, ಜನರ ಮೀಸೆ ಬೆಳ್ಳಗಾಯಿತು. ಆದರೆ ಕೆರೆ ಹೆಪ್ಪುಗಟ್ಟಲಿಲ್ಲ. ಮುದ್ದಾಜಿ ಒಂದು ಹಿಡಿ ನೆನೆಸಿದ ಹೊಟ್ಟು ಎಸೆದು ನೋಡಿದಳು. ಅದು ಇಳಿಯಿತು, ಎದ್ದಿತು, ಸುತ್ತಿತು. ಮೇಲೆ ತಣ್ಣಗಾದ ನೀರು ಭಾರವಾಗಿ ಕೆಳಗೆ ಹೋಗುತ್ತಿತ್ತು, ತಳದ ಬೆಚ್ಚನೆಯ ನೀರು ಮೇಲೆ ಬರುತ್ತಿತ್ತು.

"ಕೆರೆ ತನ್ನನ್ನು ತಾನೇ ತಿರುವಿಕೊಳ್ತಿದೆ ಅತ್ತೆ! ಹೀಗೇ ತಿರುಗಿದರೆ ಗೆದ್ವಿ."

ಮಧ್ಯಾಹ್ನದವರೆಗೆ ಹಾಗೇ ತಿರುಗಿತು. ಮಧ್ಯಾಹ್ನ ಕಳೆದ ಮೇಲೆ ಮುದ್ದಾಜಿ ಇನ್ನೊಂದು ಹಿಡಿ ಎಸೆದಳು. ಹೊಟ್ಟು ಇದ್ದಲ್ಲೇ ಇತ್ತು. ಇಳಿಯಲಿಲ್ಲ, ಏಳಲಿಲ್ಲ. ನೀರಿನ ಸ್ವಭಾವವೇ ಹಾಗೆ. ತಣ್ಣಗಾಗುತ್ತ ತಣ್ಣಗಾಗುತ್ತ ಭಾರವಾಗುತ್ತದೆ, ಆದರೆ ಇನ್ನೇನು ಹೆಪ್ಪುಗಟ್ಟಬೇಕು ಅನ್ನುವಾಗ ಮತ್ತೆ ಹಗುರಾಗಿಬಿಡುತ್ತದೆ. ಕೊರೆಯುವ ನೀರು ಕೆಳಗಿಳಿಯಲು ಒಲ್ಲೆ ಅಂತ ಮೇಲೇ ಮಲಗಿತು. ಮಲಗಿದ್ದೇ ತಡ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕೆರೆಯ ಮೇಲೆ ಮಂಜುಗಡ್ಡೆ ಕಟ್ಟತೊಡಗಿತು. ನಡುವಿನಿಂದ ದಂಡೆಗೆ ಚಟಚಟ ಅಂತ ಹಬ್ಬಿತು.

ಮುದ್ದಾಜಿ ಬಾಯಿ ಮುಚ್ಚಿ ಕಲ್ಲು ಕಟ್ಟಿದ ಕೊಡವನ್ನು ಹಗ್ಗದಲ್ಲಿ ತಳಕ್ಕೆ ಇಳಿಸಿ, ಇನ್ನೊಂದು ಹಗ್ಗ ಎಳೆದು ಅಲ್ಲೇ ಬಾಯಿ ಬಿಚ್ಚಿ, ನೀರು ತುಂಬಿಸಿ ಎಳೆದಳು. ಕೈ ಅದ್ದಿ ನೋಡಿದಳು. ಮೇಲಿನ ನೀರಿನಷ್ಟು ಕೊರೆಯುತ್ತಿರಲಿಲ್ಲ.

"ತಳದಲ್ಲಿ ಇನ್ನೂ ಬೆಚ್ಚಗಿದೆ ಅತ್ತೆ. ಮೇಲೆ ಬರೋಕೆ ದಾರಿ ಇಲ್ಲ ಅಷ್ಟೇ. ಕೆರೆ ಮಲಗಿಬಿಟ್ಟಿದೆ. ಎಬ್ಬಿಸಬೇಕು, ತಿರುವಬೇಕು." ಹುಟ್ಟಿ ಬೆಳೆದ ಮೇಲೆ ಮೊದಲ ಸಲ 'ತಿರುವಬೇಕು' ಅನ್ನುವ ಮಾತು ಅವಳ ಬಾಯಲ್ಲಿ ಬಂದಿತ್ತು.

"ತಿರುವೋದು ಸರಿ ತಾಯಿ, ಕೆರೆಗೆ ಸೌಟು ಎಲ್ಲಿಂದ ತರಣ?" ಅಂದಳು ತಿಪ್ಪವ್ವ. ಅಂದವಳು ಹಾಗೇ ನಿಂತಳು. "ತಾಳು. ಕೊಪ್ಪರಿಗೆ ಕುದಿಯುವಾಗ ನಾವು ಸೌಟು ಹಾಕಲ್ಲ. ಯಾಕೆ ಹೇಳು? ಗುಳ್ಳೆಗಳೇ ತಳದ ರಸವನ್ನ ಹೊತ್ಕೊಂಡು ಮೇಲೆ ಬರ್ತವೆ."

"ಗುಳ್ಳೆ!" ಮುದ್ದಾಜಿ ಅತ್ತೆಯ ಎರಡು ಕೈಯನ್ನೂ ಹಿಡಿದುಕೊಂಡಳು. "ಬೆಂಕಿ ಇಲ್ಲದೆ ಗುಳ್ಳೆ ಎಬ್ಬಿಸೋಕೆ ತಿದಿ ಇದೆಯಲ್ಲ ಅತ್ತೆ! ಕಮ್ಮಾರರ ತಿದಿ!"

ದೊರೆ ಡಂಗುರ ಹೊಡೆಸಿದ. ಊರಿನ ನಲವತ್ತು ಕುಲುಮೆಯಿಂದ ನಲವತ್ತು ತಿದಿ ಬಂದವು, ಗಾಳಿ ಊದಿ ಬೆಂಕಿ ಎಬ್ಬಿಸುವ ದೊಡ್ಡ ದೊಡ್ಡ ಚರ್ಮದ ತಿದಿಗಳು. ಗಂಟು ಕೊರೆದ ಬಿದಿರುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಸಂದಿಗೆ ಮೇಣ ಮೆತ್ತಿ, ಕಲ್ಲು ಕಟ್ಟಿ, ಮಂಜುಗಡ್ಡೆಯ ಕೆಳಗೆ ಕೆರೆಯ ತಳದುದ್ದಕ್ಕೂ ತಳ್ಳಿದರು. ಕೆಲವು ದಂಡೆಯ ಹತ್ತಿರ ನಿಂತವು, ಕೆಲವು ನಟ್ಟನಡುವಿನ ತನಕ ಹೋದವು.

ಹೆಪ್ಪರಸ ಹೊಟ್ಟೆ ಹಿಡಿದುಕೊಂಡು ನಕ್ಕ. "ಉಫ್ ಅಂತ ಊದಿ ನನ್ನ ಮಂಜುಗಡ್ಡೆ ಕರಗಿಸುತ್ತೀಯಾ ಹುಚ್ಚಿ?"

"ಒತ್ರಪ್ಪಾ!" ಅಂತ ಕೂಗಿದಳು ತಿಪ್ಪವ್ವ, ಆಲೆಮನೆಯ ಹಾಡು ಎತ್ತಿಕೊಂಡಳು. ಅದರ ತಾಳಕ್ಕೆ ನಲವತ್ತು ತಿದಿಗಳು ಎದ್ದವು, ಕೂತವು. ತಳದಲ್ಲಿ ಬುಳುಬುಳು ಅಂತ ಗುಳ್ಳೆ ಎದ್ದವು. ಒಂದೊಂದು ಗುಳ್ಳೆಯೂ ತಳದ ಬೆಚ್ಚನೆಯ ನೀರನ್ನು ಎಳೆದುಕೊಂಡು ಮೇಲೆ ಬಂದು ಮಂಜುಗಡ್ಡೆಯ ಹೊಟ್ಟೆಗೆ ಬಡಿಯಿತು. ದಂಡೆಯ ಹತ್ತಿರ ಗಡ್ಡೆ ಮೊದಲು ಬೂದಿ ಬಣ್ಣವಾಯಿತು, ಆಮೇಲೆ ತೆಳ್ಳಗಾಯಿತು, ಆಮೇಲೆ ಒಂದು ತಟ್ಟೆಯಷ್ಟು ಅಗಲ ತೂತು ಬಿತ್ತು. ಕೋಣ ಉಸಿರು ಬಿಟ್ಟು ಅದನ್ನು ಮುಚ್ಚಿತು. ಗುಳ್ಳೆ ಮತ್ತೆ ತೆರೆಯಿತು. ಮುಚ್ಚಿತು, ತೆರೆಯಿತು. ತಿದಿ ಒತ್ತುವವರ ಅಂಗೈಯಲ್ಲಿ ನೆತ್ತರು ಬಂತು, ಯಾರೂ ಕೈ ಬಿಡಲಿಲ್ಲ. ದೊರೆಯೇ ಕಿರೀಟ ತೆಗೆದಿಟ್ಟು ಒಂದು ತಿದಿಗೆ ಕೈ ಕೊಟ್ಟ.

ಮೋಡದ ಹಿಂದೆ ಸೂರ್ಯ ಇಳಿಯುತ್ತಿದ್ದ. ಮುದ್ದಾಜಿಯ ಕಣ್ಣು ಕೆರೆಯ ನಡುವೆ ಬಿತ್ತು. ಹೆಪ್ಪರಸನ ಕಾಲಡಿಯ ಜಗಲಿಯೂ ಬೂದಿ ಬಣ್ಣಕ್ಕೆ ತಿರುಗಿತ್ತು. ಎಷ್ಟಾದರೂ ಹೆಣ್ಣುಜೀವ, ಎಚ್ಚರಿಸದೆ ಇರಲಾರಳು.

"ಸ್ವಾಮಿ, ದಂಡೆಗೆ ಬನ್ನಿ! ನಿಮ್ಮ ಕೆಳಗೆ ನೀರು ತಿರುಗ್ತಿದೆ!"

"ಹೆಪ್ಪರಸ ತಾನು ಕಟ್ಟಿದ ಗಡ್ಡೆಯಿಂದ ಇಳಿಯುವವನಲ್ಲ!"

ನಿನ್ನೆ ತಾನೂ ಹೀಗೇ ಕೂತಿದ್ದು ಮುದ್ದಾಜಿಗೆ ನೆನಪಾಯಿತು. "ಸೋತೆ ಅಂದರೆ ಸಾಕು ಸ್ವಾಮಿ, ದೋಣಿ ಕಳಿಸ್ತೀವಿ," ಅಂತ ಇನ್ನೊಮ್ಮೆ ಕೂಗಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲೆ ಗಟ್ಟಿಯಿದೆ ಅಂತ ನೋಡುತ್ತಿದ್ದವನು ಕೆಳಗೆ ಏನಾಗುತ್ತಿದೆ ಅಂತ ಒಂದು ಸಲವೂ ಬಗ್ಗಿ ನೋಡಲಿಲ್ಲ. ಚಟಾರ್ ಅಂತ ಜಗಲಿ ಒಡೆಯಿತು. ಹೆಪ್ಪರಸ ನೀರಿಗೆ ಬಿದ್ದ, ಬಿದ್ದವನು ಸಕ್ಕರೆಯ ಹಾಗೆ ಕರಗಿ ಇಲ್ಲವಾದ. ಬಿಳಿಯ ಕೋಣ ಮುಳುಗಿ, ಕರ್ರಗಿನ ಸಾದಾ ಕೋಣವಾಗಿ ಎದ್ದು, ಈಜಿಕೊಂಡು ದಂಡೆಗೆ ಬಂದು ಮೈ ಕೊಡವಿತು.

ಮುದ್ದಾಜಿ ಕೊಡ ತಗೊಂಡು ಕೆರೆಗೆ ಇಳಿದಳು. ಗುಳುಗುಳು ಅಂತ ಕೊಡ ಮುಳುಗಿತು. ಆ ಸದ್ದಿಗೆ ಇಡೀ ಊರು ಎದ್ದು ಕುಣಿಯಿತು.

ಅವಳು ಕುಣಿಯಲಿಲ್ಲ, ಚಾವಡಿಗೆ ಓಡಿದಳು. ಜಕ್ಕಣ್ಣನ ತುಟಿ ನೀಲಿಗಟ್ಟಿತ್ತು. ಅವಳು ನೀರು ಹೊಯ್ದಳು. "ನಿಲ್ಲಿಸಬೇಡ, ಹೊಯ್ತಾ ಇರು, ಹರಿಯೋ ನೀರೇ ಬೇಗ ಕರಗಿಸೋದು!" ಅಂತ ತಿಪ್ಪವ್ವ ಕೊಡದ ಮೇಲೆ ಕೊಡ ತಂದುಕೊಟ್ಟಳು. ಎದೆ ಬಿಟ್ಟಿತು, ಸೊಂಟ ಬಿಟ್ಟಿತು, ಮೊಣಕಾಲು ಬಿಟ್ಟಿತು. ಜಕ್ಕಣ್ಣ ಹೆಂಡತಿಯ ಹೆಗಲಿಗೆ ಒರಗಿ ಮೊದಲು ಆಡಿದ ಮಾತು: "ನಾನು ಹೇಳಿರಲಿಲ್ವಾ?"

ಮುದ್ದಾಜಿ ನಕ್ಕಳು, ಅತ್ತಳು, ಬೆನ್ನಿಗೆ ಒಂದು ಗುದ್ದೂ ಕೊಟ್ಟಳು.

ಮಾರನೆಯ ದಿನ ದೊರೆ ಒಡ್ಡೋಲಗ ಕರೆದ. ತುಂಬಿದ ಸಭೆಯಲ್ಲಿ ಮುದ್ದಾಜಿಯನ್ನು ತನ್ನ ಎದುರಿನ ಪೀಠದಲ್ಲಿ ಕೂರಿಸಿ, ಚಿನ್ನದ ಸೌಟು ಕೈಗಿಟ್ಟು ಕೇಳಿದ: "ಈ ಕೀರ್ತಿಯನ್ನು ಶಾಸನದಲ್ಲಿ ಕೆತ್ತಿಸಬೇಕು ತಾಯಿ. ಯಾವ ಮನೆತನ ಅಂತ ಬರೆಸಲಿ? ಪಾಕ ಮಲಗಿಸುವವರದೋ, ತಿರುವುವವರದೋ?"

ಮುದ್ದಾಜಿ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ತಿಪ್ಪವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು, ಕತ್ತು ಎತ್ತಿದಳು. ಮೂರು ದಿನದ ಹಿಂದೆ ಮಗ ಎದೆ ಉಬ್ಬಿಸಿದ್ದನಲ್ಲ, ಅವನ ಹತ್ತರಷ್ಟು ಉಬ್ಬಿಸಿ, ಅರಮನೆಯ ಹೊರಗಿನ ಆನೆ ಲಾಯಕ್ಕೂ ಕೇಳಿಸುವ ಹಾಗೆ ಹೇಳಿದಳು:

"ನನ್ನ ಸೊಸೆ ಅಂತ ಬರ್ಸಿ ಬುದ್ಧಿ! ಆಲೆಮನೆ ತಿಪ್ಪವ್ವನ ಸೊಸೆ!"

ಮುದ್ದಾಜಿ ಚಿನ್ನದ ಸೌಟು ಹಿಡಿದುಕೊಂಡೇ ಪೀಠದಿಂದ ಇಳಿದು ಹೋಗಿ ಅತ್ತೆಯ ಪಕ್ಕದಲ್ಲಿ ನಿಂತಳಂತೆ.

ಕರಿಯ ಕೋಣವನ್ನು ಗಾಣಕ್ಕೆ ಕಟ್ಟಿದರು, ಅದೂ ಕಬ್ಬಿನ ಸೋಗೆ ತಿಂದು ಸುಖವಾಗಿತ್ತು. ಆ ಮನೆಯಲ್ಲಿ ಅಂದಿನಿಂದ ಪಾಕ ಮಲಗಿಸಿದಾಗೆಲ್ಲ ಏಳು ದಿನ ಬಾಗಿಲಿಗೆ ಬೇವಿನ ಸೊಪ್ಪು, ಆಗ ತಿಪ್ಪವ್ವ ಒನಕೆಯನ್ನು ಅಟ್ಟಕ್ಕೆ ಏರಿಸಿ ತುದಿಗಾಲಲ್ಲಿ ನಡೆಯುತ್ತಿದ್ದಳು. ಎಂಟನೆಯ ದಿನ ಅತ್ತೆಯ ಹಾಡು, ಸೊಸೆಯ ಸೌಟು. ಹಿರಿಕೆರೆ ತುಂಬಿ ತುಳುಕಿತು, ಕಬ್ಬು ಆನೆಯನ್ನೂ ಮೀರಿ ಬೆಳೆಯಿತು, ದೊರೆಯಿಂದ ದನಕಾಯುವವರ ತನಕ ಎಲ್ಲರೂ ಬಾಯಿ ಸಿಹಿ ಮಾಡಿಕೊಂಡು ನೂರು ವರ್ಷ ಬಾಳಿದರು. ಅವರ ಕಲ್ಲುಸಕ್ಕರೆ ಕೇಳಿದವರ ಬಾಯಿಗೆ, ಅವರ ಬೆಲ್ಲ ಹೇಳಿದವರ ಬಾಯಿಗೆ.